ಮೊಮ್ಮಕ್ಕಳಿಗಾಗಿ ಲೇಖನಿ ಹಿಡಿದ ಅಜ್ಜಿ: ಕೌಂಟೆಸ್ ಸೋಫಿ ದ ಸೆಗೂರ್ (1799–1874)

ಧರ್ಮಕೇಂದ್ರವೊಂದು ನೂರು ವರ್ಷಗಳನ್ನು ಪೂರೈಸಿದ ಶುಭ ಸಂದರ್ಭದಲ್ಲಿ, ದೇವಾಲಯಕ್ಕೆ ಅಡಿಗಲ್ಲನ್ನಿಟ್ಟ ಗುರುಗಳನ್ನೂ, ಗಂಟೆ ಗೋಪುರವನ್ನು ಎತ್ತಿಸಿದ ದಾನಿಗಳನ್ನೂ, ಶಾಲೆಯನ್ನು ನಡೆಸಿದ ಕನ್ಯಾಸ್ತ್ರೀಯರನ್ನೂ ಕೃತಜ್ಞತೆಯಿಂದ ಸ್ಮರಿಸುವುದು ವಾಡಿಕೆ. ಅದು ಯೋಗ್ಯವೂ ನ್ಯಾಯವೂ ಆದದ್ದು. ಆದರೆ ನಮ್ಮಲ್ಲಿ ಬಹುಮಂದಿಗೆ ಶಿಲುಬೆಯ ಗುರುತನ್ನು ಮೊಟ್ಟಮೊದಲು ಕಲಿಸಿದವರು ಗುರುಗಳೂ ಅಲ್ಲ, ಉಪದೇಶಿಗಳೂ ಅಲ್ಲ, ಮನೆಯ ಅಜ್ಜಿಯಂದಿರು. ಸಂಜೆಯ ದೀಪದ ಮುಂದೆ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಪುಟ್ಟ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಹಣೆಗೆ, ಎದೆಗೆ, ಭುಜಗಳಿಗೆ ಮುಟ್ಟಿಸಿದವರು ಅವರು. ಅವರ ಹೆಸರು ಯಾವ ಶಿಲಾಫಲಕದ ಮೇಲೂ ಇಲ್ಲ.

ಅಂತಹ ಅಜ್ಜಿಯಂದಿರೆಲ್ಲರ ನೆನಪಿನಲ್ಲಿ, ಲೋಕಕ್ಕೆ ಹೆಸರು ತಿಳಿದಿರುವ ಒಬ್ಬ ಅಜ್ಜಿಯ ಜೀವನವನ್ನು ಇಲ್ಲಿ ಹೇಳಬಯಸುತ್ತೇನೆ. ಆಕೆ ಫ್ರಾನ್ಸ್ ದೇಶದ ಕೌಂಟೆಸ್ ಸೋಫಿ ದ ಸೆಗೂರ್. ಐವತ್ತೇಳನೆಯ ವಯಸ್ಸಿನಲ್ಲಿ ತಮ್ಮ ಮೊದಲ ಕಥಾಪುಸ್ತಕವನ್ನು ಪ್ರಕಟಿಸಿ, ಮುಂದಿನ ಹದಿನೈದು ವರ್ಷಗಳಲ್ಲಿ ಮಕ್ಕಳಿಗಾಗಿ ಸುಮಾರು ಇಪ್ಪತ್ತು ಪುಸ್ತಕಗಳನ್ನು ಬರೆದವರು. ಅವರು ಸಂತಪದವಿಗೆ ಏರಿದವರಲ್ಲ. ಪವಾಡಗಳನ್ನು ಮಾಡಿದವರೂ ಅಲ್ಲ. ಆದರೆ ಪ್ರೀತಿ ಕಾಣದ ಬಾಲ್ಯವನ್ನು ಕಳೆದ ಒಬ್ಬ ಹೆಣ್ಣುಮಗಳು, ತಾನು ಪಡೆಯದಿದ್ದುದನ್ನು ಮೊಮ್ಮಕ್ಕಳಿಗೆ ಧಾರಾಳವಾಗಿ ಕೊಟ್ಟಳೆಂಬುದು ಒಂದು ಸಣ್ಣ ಪವಾಡವೇ ಸರಿ.

ಕಠಿಣ ಬಾಲ್ಯ

ಸೋಫಿ ಹುಟ್ಟಿದ್ದು ಫ್ರಾನ್ಸಿನಲ್ಲಲ್ಲ, ರಷ್ಯದಲ್ಲಿ. 1799ನೇ ಇಸವಿ ಆಗಸ್ಟ್ 1ರಂದು ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಜನಿಸಿದ ಆಕೆಯ ತಂದೆ ಕೌಂಟ್ ಫ್ಯೋದರ್ ರೊಸ್ತೊಪ್ಚಿನ್, ಚಕ್ರವರ್ತಿ ಒಂದನೆಯ ಪಾವೆಲನ ಮಂತ್ರಿಗಳಲ್ಲೊಬ್ಬರು. ಚಕ್ರವರ್ತಿಯೇ ಮಗುವಿಗೆ ಜ್ಞಾನಪಿತನಾಗಿ ನಿಂತನು. ಮಾಸ್ಕೋ ನಗರದ ದಕ್ಷಿಣಕ್ಕಿರುವ ವೊರೊನೊವೊ ಎಂಬಲ್ಲಿ ಈ ಕುಟುಂಬಕ್ಕೆ ವಿಶಾಲವಾದ ಜಮೀನುದಾರಿ ಇತ್ತು. ದೊಡ್ಡ ಅರಮನೆ, ತೋಟ, ಕೆರೆ, ಕುದುರೆಲಾಯಗಳಿದ್ದವು. ಸೋಫಿಯ ಬಾಲ್ಯ ಕಳೆದದ್ದು ಅಲ್ಲಿ.

ಇಷ್ಟೆಲ್ಲ ಸಿರಿಯ ನಡುವೆಯೂ ಆ ಮಗು ಹಸಿವು ಬಾಯಾರಿಕೆಗಳನ್ನು ಅನುಭವಿಸಿತು. ತಾಯಿ ಕ್ಯಾಥರೀನ್ ಅತ್ಯಂತ ಕಟ್ಟುನಿಟ್ಟಿನ ಹೆಂಗಸು. ಮಕ್ಕಳು ಗಟ್ಟಿಯಾಗಿ ಬೆಳೆಯಬೇಕಾದರೆ ಚಳಿ, ಹಸಿವು, ನೀರಡಿಕೆಗಳನ್ನು ತಾಳಿಕೊಳ್ಳಲು ಕಲಿಯಬೇಕೆಂಬುದು ಆಕೆಯ ದೃಢವಾದ ನಂಬಿಕೆ. ರಷ್ಯದ ಕೊರೆಯುವ ಚಳಿಯಲ್ಲಿ ಗಟ್ಟಿ ಹಾಸಿಗೆ, ತೆಳುವಾದ ಹೊದಿಕೆ. ಬೆಚ್ಚಗಾಗಲು ಮಕ್ಕಳು ಕಾಗದಗಳನ್ನು ಮೈಮೇಲೆ ಹಾಸಿಕೊಳ್ಳುತ್ತಿದ್ದರಂತೆ. ಊಟದ ವೇಳೆಯ ಹೊರತು ನೀರು ಕುಡಿಯಲು ಅಪ್ಪಣೆಯಿರಲಿಲ್ಲ. ಬಾಯಾರಿಕೆ ತಾಳಲಾರದೆ ಪುಟ್ಟ ಸೋಫಿ ಪ್ರಾಣಿಗಳಿಗಿಟ್ಟ ನೀರನ್ನು ಕದ್ದು ಕುಡಿದದ್ದೂ ಉಂಟಂತೆ. ತುಂಟಿಯೂ ಮುಂಗೋಪಿಯೂ ಆಗಿದ್ದ ಈ ಹುಡುಗಿಗೆ ಶಿಕ್ಷೆಗೆ ಕೊರತೆಯಿರಲಿಲ್ಲ.

ಆ ತಾಯಿ ದೈವಭಕ್ತೆಯೇ ಆಗಿದ್ದಳೆಂಬುದನ್ನು ನಾವು ಮರೆಯಬಾರದು. ಆರ್ಥಡಾಕ್ಸ್ ಸಭೆಯಲ್ಲಿ ಹುಟ್ಟಿದ ಆಕೆ ಕಥೋಲಿಕ ಧರ್ಮಸಭೆಯನ್ನು ಮೊದಲು ಗುಟ್ಟಾಗಿ ಸೇರಿದಳು. ರಷ್ಯದ ಶ್ರೀಮಂತ ಮನೆತನದವಳೊಬ್ಬಳಿಗೆ ಅದು ಅಪಾಯದ ಹೆಜ್ಜೆ. ಅವಳ ವಿಶ್ವಾಸ ನಿಜವಾದದ್ದು, ಧೈರ್ಯವೂ ನಿಜವಾದದ್ದು. ಹಾಗಿದ್ದರೂ ಅವಳ ಕೈ ಮೃದುವಾಗಿರಲಿಲ್ಲ. ಭಕ್ತಿಯಿರುವ ಮನೆಯಲ್ಲೆಲ್ಲ ಅಕ್ಕರೆಯೂ ತಾನಾಗಿಯೇ ಇರುತ್ತದೆಂದು ಭಾವಿಸುವಂತಿಲ್ಲ. ಎರಡನ್ನೂ ಬೇರೆಬೇರೆಯಾಗಿ ಬೇಡಿಕೊಳ್ಳಬೇಕಾಗುತ್ತದೆ. ತಾಯಿಯ ಪ್ರಭಾವದಿಂದಲೇ ಸೋಫಿಯೂ ಹದಿಹರೆಯದಲ್ಲಿ ಕಥೋಲಿಕಳಾದಳು. ವಿಶ್ವಾಸವೆಂಬ ಬಹುದೊಡ್ಡ ಆಸ್ತಿ ಆಕೆಗೆ ತಾಯಿಯಿಂದ ಬಂತು. ಅಕ್ಕರೆಯನ್ನು ಬೇರೆಡೆ ಕಲಿಯಬೇಕಾಯಿತು.

1812ರಲ್ಲಿ ನೆಪೋಲಿಯನ್ ರಷ್ಯದ ಮೇಲೆ ದಂಡೆತ್ತಿ ಬಂದಾಗ ಸೋಫಿಯ ತಂದೆ ಮಾಸ್ಕೋ ನಗರದ ರಾಜ್ಯಪಾಲರಾಗಿದ್ದರು. ಫ್ರೆಂಚರು ನಗರವನ್ನು ಹೊಕ್ಕೊಡನೆ ಅದು ಹೊತ್ತಿ ಉರಿಯಿತು. ಆ ಬೆಂಕಿಯ ಹೊಣೆ ರೊಸ್ತೊಪ್ಚಿನ್ನರದೆಂದು ಲೋಕವೆಲ್ಲ ಆಡಿಕೊಂಡಿತು. ಶತ್ರುವಿನ ಕೈಗೆ ಸಿಗದಿರಲೆಂದು ತಮ್ಮ ಸ್ವಂತ ವೊರೊನೊವೊ ಅರಮನೆಗೂ ಅವರು ಬೆಂಕಿಯಿಡಿಸಿದರು. ಸೋಫಿ ಆಡಿ ಬೆಳೆದ ಮನೆ ಹೀಗೆ ಬೂದಿಯಾಯಿತು. ತರುವಾಯ ಚಕ್ರವರ್ತಿಯ ಅವಕೃಪೆಗೆ ಒಳಗಾದ ತಂದೆ 1814ರಲ್ಲಿ ದೇಶವನ್ನು ಬಿಟ್ಟರು. ಕೆಲವು ವರ್ಷಗಳ ತರುವಾಯ ಸಂಸಾರವೆಲ್ಲ ಪ್ಯಾರಿಸ್ ನಗರದಲ್ಲಿ ನೆಲೆಸಿತು.

ಮದುವೆ, ಮಕ್ಕಳು, ಕಾಯಿಲೆ

1819ನೇ ಇಸವಿ ಜುಲೈ ತಿಂಗಳಲ್ಲಿ ಸೋಫಿಗೆ ಕೌಂಟ್ ಯೂಜೆನ್ ದ ಸೆಗೂರ್ ಎಂಬ ಫ್ರೆಂಚ್ ತರುಣನೊಡನೆ ವಿವಾಹವಾಯಿತು. ದೈವಸಂಕಲ್ಪದ ವಿಚಿತ್ರವನ್ನು ನೋಡಿರಿ: ವರನ ಚಿಕ್ಕಪ್ಪ ಫಿಲಿಪ್ ದ ಸೆಗೂರ್ ನೆಪೋಲಿಯನ್ನನ ದಳದಲ್ಲಿ ಮಾಸ್ಕೋವರೆಗೂ ಹೋಗಿ, ಮುಂದೆ ಆ ದಂಡಯಾತ್ರೆಯ ಇತಿಹಾಸವನ್ನು ಬರೆದು ಪ್ರಸಿದ್ಧನಾದವನು. ಒಂದು ಮನೆತನ ದಂಡೆತ್ತಿ ಹೋದದ್ದು, ಇನ್ನೊಂದು ತನ್ನ ಮನೆಗೆ ತಾನೇ ಕೊಳ್ಳಿಯಿಟ್ಟದ್ದು. ಏಳು ವರ್ಷಗಳಲ್ಲಿ ಇಬ್ಬರೂ ಬೀಗರಾದರು.

ನವದಂಪತಿಗಳಿಗೆ ಸಿರಿವಂತಿಕೆಯೇನೂ ಇರಲಿಲ್ಲ. ಸೋಫಿಯ ತಂದೆ ನಾರ್ಮಂಡಿ ಪ್ರಾಂತದ ಓಬ್ ಎಂಬ ಹಳ್ಳಿಯ ಬಳಿ ನೂಯೆತ್ ಎಂಬ ಭವನವನ್ನು ಮಗಳಿಗೆ ಕಾಣಿಕೆಯಾಗಿ ಕೊಂಡುಕೊಟ್ಟರು. ಹುಲ್ಲುಗಾವಲು, ಸೇಬಿನ ತೋಟ, ಕಾಡು, ಹೊಳೆಗಳಿಂದ ಕೂಡಿದ ಆ ಸೀಮೆ ಸೋಫಿಗೆ ತನ್ನ ಬಾಲ್ಯದ ಹಳ್ಳಿಗಾಡನ್ನು ನೆನಪಿಗೆ ತಂದಿರಬೇಕು. ಅಲ್ಲಿಂದ ಮುಂದೆ ಐವತ್ತು ವರ್ಷಗಳ ಕಾಲ ಆಕೆಯ ಮನಸ್ಸು ನೆಲೆಸಿದ್ದು ಅಲ್ಲಿಯೇ.

ದಾಂಪತ್ಯ ಸುಖಕರವಾಗಿರಲಿಲ್ಲ. ಪತಿ ಹೆಚ್ಚು ಕಾಲ ಪ್ಯಾರಿಸಿನಲ್ಲಿಯೇ ಇದ್ದು, ನೂಯೆತ್‌ಗೆ ಅತಿಥಿಯಂತೆ ಬಂದುಹೋಗುತ್ತಿದ್ದರು. ಎಂಟು ಮಕ್ಕಳು ಹುಟ್ಟಿದರು. ಎರಡನೆಯ ಮಗು ರೆನೋ ಹಸುಳೆಯಾಗಿದ್ದಾಗಲೇ ತೀರಿಕೊಂಡಿತು. 1829ರಲ್ಲಿ ಆನ್ರಿಯೆತ್ ಮತ್ತು ಸಬೀನ್ ಎಂಬ ಅವಳಿ ಹೆಣ್ಣುಮಕ್ಕಳು, 1835ರಲ್ಲಿ ಕೊನೆಯ ಮಗಳು ಓಲ್ಗಾ ಹುಟ್ಟಿದರು. ಅನಂತರ ತಾಯಿಯ ಆರೋಗ್ಯ ಕೆಟ್ಟಿತು. ತೀವ್ರವಾದ ತಲೆನೋವು, ನಿತ್ರಾಣ, ಕೆಲವೊಮ್ಮೆ ದೀರ್ಘಕಾಲ ಧ್ವನಿಯೇ ಹೊರಡದಿರುವುದು; ಇಂತಹ ಕಾಯಿಲೆಯಲ್ಲಿ ಆಕೆ ವರ್ಷಗಟ್ಟಲೆ ಮಲಗಿದರು. ಮಾತನಾಡಲಾಗದ ದಿನಗಳಲ್ಲಿ ಮಕ್ಕಳೊಡನೆ ಸಂಭಾಷಿಸಲು ಹಲಗೆಬಳಪವನ್ನು ಬಳಸುತ್ತಿದ್ದರು. ಮುಂದೆ ಲಕ್ಷಾಂತರ ಮಕ್ಕಳಿಗೆ ಕಥೆ ಹೇಳಲಿದ್ದ ತಾಯಿ ತನ್ನ ಸ್ವಂತ ಮಕ್ಕಳ ಮುಂದೆ ಬಾಯಿಲ್ಲದವಳಂತೆ ಹಲಗೆಯ ಮೇಲೆ ಬರೆಯುತ್ತ ಕುಳಿತಿದ್ದ ಚಿತ್ರವನ್ನು ಮನಸ್ಸಿಗೆ ತಂದುಕೊಳ್ಳಿರಿ.

ಕುರುಡನಾದ ಮಗ

ಹಿರಿಯ ಮಗ ಗಸ್ತೋನ್ 1820ರಲ್ಲಿ ಹುಟ್ಟಿದವನು. ಚಿತ್ರಕಲೆಯಲ್ಲಿ ಪ್ರತಿಭಾವಂತ, ರೋಮ್ ನಗರದಲ್ಲಿ ಫ್ರೆಂಚ್ ರಾಯಭಾರ ಕಛೇರಿಯಲ್ಲಿಯೂ ಕೆಲಸಮಾಡಿದವನು. ಲೋಕದ ಕೀರ್ತಿ ಎದುರಿಗೇ ಇದ್ದಾಗ ಅದನ್ನು ಬಿಟ್ಟು ಸೆಮಿನರಿಯನ್ನು ಸೇರಿ, 1847ರಲ್ಲಿ ಗುರುದೀಕ್ಷೆಯನ್ನು ಪಡೆದನು. ತನ್ನ ಪ್ರಥಮ ಬಲಿಪೂಜೆಯಲ್ಲಿ ಆತ ದೇವಮಾತೆಯಲ್ಲಿ ಒಂದು ವಿಚಿತ್ರ ವರವನ್ನು ಬೇಡಿಕೊಂಡನೆಂದು ಹೇಳುತ್ತಾರೆ: ತನ್ನ ಗುರುಸೇವೆಗೆ ಅಡ್ಡಿಯಾಗದಂತಹ, ಆದರೆ ತನಗೆ ಎಲ್ಲಕ್ಕಿಂತ ಹೆಚ್ಚು ನೋವನ್ನು ಕೊಡುವಂತಹ ಶಿಲುಬೆಯೊಂದನ್ನು ತನಗೆ ದಯಪಾಲಿಸಬೇಕೆಂದು. ಚಿತ್ರಕಾರನೊಬ್ಬನಿಗೆ ಅಂತಹ ಶಿಲುಬೆ ಯಾವುದೆಂದು ಊಹಿಸುವುದು ಕಷ್ಟವಲ್ಲ.

1854ರ ಸೆಪ್ಟೆಂಬರ್ ಆರಂಭದಲ್ಲಿ ಗಸ್ತೋನ್ ರಜೆಯ ಮೇಲೆ ನೂಯೆತ್‌ಗೆ ಬಂದಿದ್ದರು. ಒಂದು ಕಣ್ಣು ಆಗಲೇ ಹೋಗಿತ್ತು. ತೋಟದಲ್ಲಿ ಸಹೋದರನೊಡನೆ ನಡೆದಾಡುತ್ತಿದ್ದಾಗ ಉಳಿದ ಕಣ್ಣೂ ಕತ್ತಲಾಯಿತು. ಅವರ ಮೊದಲ ಚಿಂತೆ ತಮ್ಮದಲ್ಲ, ತಾಯಿಯದು. ಆಕೆಗೆ ಒಮ್ಮೆಲೇ ಆಘಾತವಾಗದಿರಲೆಂದು ಏನೂ ಆಗದವರಂತೆ ಕುಟುಂಬದೊಡನೆ ಊಟಕ್ಕೆ ಕುಳಿತರು. ಆದರೆ ತಾಯಿಯ ಕಣ್ಣಿಗೆ ಎಷ್ಟು ಹೊತ್ತು ಮರೆಮಾಡಲಾದೀತು? ಮೊಮ್ಮಕ್ಕಳ ನಗೆಯಿಂದ ತುಂಬಿದ್ದ ಆ ಮನೆಯ ರಜೆಯ ದಿನಗಳ ಮೇಲೆ ಅಂದು ದೊಡ್ಡ ನೆರಳು ಬಿತ್ತು.

ಗಸ್ತೋನರು ಕಂಠಪಾಠ ಮಾಡಿಕೊಂಡ ಪ್ರಾರ್ಥನೆಗಳಿಂದ ಬಲಿಪೂಜೆಯನ್ನು ಅರ್ಪಿಸುತ್ತ ಬಂದರು. ಒಂಬತ್ತನೆಯ ಪಿಯುಸ್ ಜಗದ್ಗುರುಗಳು ಅವರಿಗೆ ಧರ್ಮಾಧ್ಯಕ್ಷರ ಗೌರವ ಚಿಹ್ನೆಗಳನ್ನು ದಯಪಾಲಿಸಿದರು. ಪ್ಯಾರಿಸಿನ ಬಾಕ್ ಬೀದಿಯ ಮನೆಯಲ್ಲಿ ಅವರು ಕಾರ್ಮಿಕರ, ಬಡ ಹುಡುಗರ ಪಾಪನಿವೇದನೆಗಳನ್ನು ದಿನವೂ ಗಂಟೆಗಟ್ಟಲೆ ಕೇಳುತ್ತಿದ್ದರು. 1830ರಲ್ಲಿ ಸಂತ ಕ್ಯಾಥರೀನ್ ಲಬೂರೆಗೆ ದೇವಮಾತೆ ದರ್ಶನವಿತ್ತು ಅದ್ಭುತ ಪದಕವನ್ನು ತೋರಿಸಿದ ಪ್ರಾರ್ಥನಾಲಯ ಇರುವುದು ಅದೇ ಬೀದಿಯಲ್ಲಿ. ನಮ್ಮ ಮೈಸೂರು ಸೀಮೆಗೆ ಫ್ರೆಂಚ್ ಗುರುಗಳನ್ನು ಕಳುಹಿಸಿದ ಪ್ಯಾರಿಸ್ ವಿದೇಶ ಮಿಷನ್ನುಗಳ ಸೆಮಿನರಿ ಇರುವುದೂ ಅದೇ ಬೀದಿಯಲ್ಲಿ. ಆದ್ದರಿಂದ ಈ ಕಥೆ ದೂರದೇಶದ್ದಾದರೂ ನಮಗೆ ತೀರ ಪರಕೀಯವಲ್ಲ.

ಬರವಣಿಗೆಯ ಆರಂಭ

ಸೋಫಿಯ ಮಗಳು ನತಾಲಿಯ ಪತಿ ಬ್ಯಾರನ್ ದ ಮಲರೆ ರಾಯಭಾರ ಇಲಾಖೆಯಲ್ಲಿದ್ದರು. ಕೆಲಸದ ನಿಮಿತ್ತ ಆ ಸಂಸಾರ ಲಂಡನ್ ನಗರಕ್ಕೆ ಹೊರಟಾಗ ಅಜ್ಜಿಯ ಮನೆ ಬರಿದಾಯಿತು. ಪ್ರತಿದಿನವೂ ಅಜ್ಜಿಯಿಂದ ಕಥೆ ಕೇಳುತ್ತಿದ್ದ ಕಮಿಲ್ ಮತ್ತು ಮದ್ಲೇನ್ ಎಂಬ ಮೊಮ್ಮಕ್ಕಳು ಸಮುದ್ರದಾಚೆಗೆ ಹೋದರು. ಕಥೆಗಳು ಮಾತ್ರ ಉಳಿದವು. ಅಜ್ಜಿ ಅವುಗಳನ್ನು ಕಾಗದದ ಮೇಲಿಳಿಸತೊಡಗಿದರು. ಹೆಸರು ಗಳಿಸುವ ಆಸೆಯಿಂದ ಅಲ್ಲ. ಅಗಲಿಕೆಯ ದುಃಖ ಅವರ ಕೈಯಲ್ಲಿ ಲೇಖನಿಯನ್ನು ಇಟ್ಟಿತು.

ಇದಕ್ಕೂ ಮೊದಲು, 1855ರಲ್ಲಿ, ಮಕ್ಕಳ ಆರೋಗ್ಯದ ಬಗ್ಗೆ ತಾಯಂದಿರಿಗೆ ಉಪಯುಕ್ತವಾದ ಒಂದು ಚಿಕ್ಕ ಪುಸ್ತಕವನ್ನು ಅವರು ಪ್ರಕಟಿಸಿದ್ದರು. ಕುಟುಂಬದ ಸ್ನೇಹಿತರಾದ ಪ್ರಸಿದ್ಧ ಕಥೋಲಿಕ ಪತ್ರಕರ್ತ ಲೂಯಿ ವೆಯೋ ಅವರು ಈ ಕಥೆಗಳನ್ನೂ ಅಚ್ಚು ಹಾಕಿಸುವಂತೆ ಪ್ರೋತ್ಸಾಹಿಸಿದರು. ಪತಿ ಯೂಜೆನ್ ಪೂರ್ವ ರೈಲ್ವೆ ಸಂಸ್ಥೆಯ ಅಧ್ಯಕ್ಷರಾಗಿದ್ದುದರಿಂದ, ರೈಲು ನಿಲ್ದಾಣಗಳಲ್ಲಿ ಪುಸ್ತಕದಂಗಡಿಗಳನ್ನು ತೆರೆಯುತ್ತಿದ್ದ ಪ್ರಕಾಶಕ ಲೂಯಿ ಅಶೆತ್ ಅವರ ಪರಿಚಯವೂ ಇತ್ತು. ಪ್ರಯಾಣದಲ್ಲಿ ಬೇಸರಗೊಳ್ಳುವ ಮಕ್ಕಳಿಗೆಂದು ಅಶೆತ್ ಅವರು ಗುಲಾಬಿ ಬಣ್ಣದ ರಟ್ಟಿನ ಪುಸ್ತಕಮಾಲೆಯೊಂದನ್ನು ಹೊರತರುತ್ತಿದ್ದರು. ಹೀಗೆ ಅಜ್ಜಿಯ ಮೊದಲ ಕಥಾಸಂಗ್ರಹ ಗುಸ್ತಾವ್ ದೊರೆ ಎಂಬ ತರುಣ ಕಲಾವಿದನ ಚಿತ್ರಗಳೊಡನೆ 1857ರಲ್ಲಿ ಪ್ರಕಟವಾಯಿತು. 1858ರಲ್ಲಿ ಕಮಿಲ್, ಮದ್ಲೇನ್ ಎಂಬ ಹೆಸರುಗಳನ್ನೇ ಹೊತ್ತ ಮಾದರಿ ಹೆಣ್ಣುಮಕ್ಕಳ ಕಥೆ, 1860ರಲ್ಲಿ ಕತ್ತೆಯೊಂದು ತನ್ನ ಜೀವನಚರಿತ್ರೆಯನ್ನು ತಾನೇ ಹೇಳಿಕೊಳ್ಳುವ ವಿನೋದದ ಕಥೆ, 1863ರಲ್ಲಿ ರಕ್ಷಕ ದೂತನ ಹೆಸರಿನ ವಸತಿಗೃಹದ ಕಥೆ; ಹೀಗೆ ಒಂದರ ಹಿಂದೊಂದು ಬಂದವು. ಹಿಂದೆ ಹಾಸಿಗೆ ಹಿಡಿದಿದ್ದ ಹೆಂಗಸಿಗೆ ಈ ಶಕ್ತಿ ಎಲ್ಲಿಂದ ಬಂತೆಂದು ಕೇಳಿದರೆ, ಪ್ರೀತಿಸಲು ಒಂದು ಕೆಲಸ ದೊರಕಿತೆಂಬುದೇ ಉತ್ತರ.

ನೂಯೆತ್‌ನ ದಿನಚರಿ, ಹಬ್ಬ ಮತ್ತು ವಿಹಾರ

ಈ ಅಜ್ಜಿಯ ದಿನನಿತ್ಯದ ಬದುಕಿನಲ್ಲಿ ಆಡಂಬರವಿರಲಿಲ್ಲ. ಜಮೀನಿನ ಲೆಕ್ಕ, ತೋಟದ ಕೆಲಸ, ಆಳುಕಾಳುಗಳ ಯೋಗಕ್ಷೇಮ, ಹಳ್ಳಿಯ ಬಡವರ ರೋಗರುಜಿನ. ಇವೆಲ್ಲದರ ನಡುವೆ ಬರವಣಿಗೆ. ಹೆಣ್ಣುಮಕ್ಕಳಿಗೂ ಅಳಿಯಂದಿರಿಗೂ ಮೊಮ್ಮಕ್ಕಳಿಗೂ ಅವರು ಬರೆದ ಪತ್ರಗಳು ಅಸಂಖ್ಯ; ಅವರ ಮರಣಾನಂತರ ಓಲ್ಗಾ ಅವುಗಳಲ್ಲಿ ಅನೇಕವನ್ನು ಪ್ರಕಟಿಸಿದಳು. ಯಾವ ಮಗುವಿಗೆ ಕೆಮ್ಮು, ಯಾವ ಮಗುವಿಗೆ ಹಲ್ಲು ಬಂತು, ಯಾರು ಓದಲು ಕಲಿತರು ಎಂಬುದೇ ಆ ಅಜ್ಜಿಗೆ ರಾಜಕೀಯ ವಾರ್ತೆಗಿಂತ ಮಿಗಿಲಾದ ವಾರ್ತೆ.

ಬೇಸಿಗೆಯ ರಜೆ ಬಂದಿತೆಂದರೆ ನೂಯೆತ್‌ನಲ್ಲಿ ಹಬ್ಬ. ಬಂಡಿಗಳು ಬಂದು ನಿಲ್ಲುವುದು, ಮೊಮ್ಮಕ್ಕಳು ಮೆಟ್ಟಿಲುಗಳನ್ನು ಹತ್ತಿ ಇಳಿದು ಓಡುವುದು, ಎಲ್ಲರೂ ಒಂದೇ ಉಸಿರಿನಲ್ಲಿ ಮಾತನಾಡುವುದು. ರಜೆಯ ಕುರಿತಾದ ಅವರ ಪುಸ್ತಕ ಪ್ರಾರಂಭವಾಗುವುದೇ ಸೋದರಸಂಬಂಧಿಗಳ ಇಂತಹ ಆಗಮನದಿಂದ. ನಮ್ಮ ಊರಹಬ್ಬದ ಹಿಂದಿನ ದಿನ, ಪರಊರಿನಲ್ಲಿ ನೆಲೆಸಿದ ಮಕ್ಕಳೆಲ್ಲ ಅಜ್ಜಿಯ ಮನೆಗೆ ಬಂದಿಳಿಯುವುದನ್ನು ಕಂಡವರಿಗೆ ಈ ಸಂಭ್ರಮವನ್ನು ವಿವರಿಸಿ ಹೇಳಬೇಕಾಗಿಲ್ಲ.

ಆ ಮಕ್ಕಳ ವಿಹಾರಗಳು ಅಜ್ಜಿಯ ಕಥೆಗಳಲ್ಲಿ ಶಾಶ್ವತವಾಗಿ ಉಳಿದಿವೆ. ಹುಡುಗರು ಕಾಡಿನಂಚಿನಲ್ಲಿ ಕೊಂಬೆರೆಂಬೆಗಳಿಂದ ಗುಡಿಸಲುಗಳನ್ನು ಕಟ್ಟುತ್ತಾರೆ. ಹುಡುಗಿಯರು ಹಿರಿಯರ ಹಿಂದೆ ಉಳಿದು ದಾರಿ ತಪ್ಪಿ, ಕಾಡಿನಲ್ಲಿ ರಾತ್ರಿಯಾಗಿ, ಹಳ್ಳಿಯವನೊಬ್ಬನ ಸಹಾಯದಿಂದ ಮನೆ ಸೇರುತ್ತಾರೆ. ಬುತ್ತಿ ಕಟ್ಟಿಕೊಂಡು ಕತ್ತೆಗಳ ಮೇಲೆ ಕುಳಿತು ವಿಹಾರಕ್ಕೆ ಹೊರಡುತ್ತಾರೆ. ಆ ಕತ್ತೆಗಳಲ್ಲಿ ಬುದ್ಧಿಶಾಲಿಯೂ ಹಠಮಾರಿಯೂ ಆದ ಕದಿಶೋನ್ ಎಂಬುದೇ ಕಥಾನಾಯಕ. ನೂಯೆತ್‌ಗೆ ಸಮೀಪದ ಲೇಗ್ಲ್ ಪಟ್ಟಣದಲ್ಲಿ ಮಂಗಳವಾರ ನಡೆಯುವ ಸಂತೆಯಿಂದಲೇ ಆ ಕತ್ತೆಯ ಕಥೆ ಆರಂಭವಾಗುತ್ತದೆ. ಬೆಣ್ಣೆ, ಮೊಟ್ಟೆ, ತರಕಾರಿಗಳ ಬುಟ್ಟಿಗಳನ್ನು ಹೊತ್ತು ಸಂತೆಗೆ ನಡೆಯುವ ಮೂಕಪ್ರಾಣಿಯ ಸಂಕಟವನ್ನು ಕೌಂಟೆಸ್ ಎನಿಸಿಕೊಂಡ ಹೆಂಗಸು ಅಷ್ಟು ಚೆನ್ನಾಗಿ ಬಲ್ಲವಳಾಗಿದ್ದಳು.

ಪುಸ್ತಕ ಹೊರಬರುವುದೇ ಆ ಮನೆಯಲ್ಲಿ ಒಂದು ಕುಟುಂಬೋತ್ಸವ. ಪುಸ್ತಕಗಳನ್ನು ಅಜ್ಜಿ ಒಂದೊಂದಾಗಿ ಮೊಮ್ಮಕ್ಕಳ ಹೆಸರಿನಲ್ಲಿ ಅರ್ಪಿಸುತ್ತ ಬಂದರು. ಕಮಿಲ್ ಮತ್ತು ಮದ್ಲೇನರಿಗೆ ಒಂದು, ಎಲಿಜಬೆತ್‌ಗೆ ಒಂದು, ಜಾಕ್‌ಗೆ ಒಂದು, ಪಿಯೇರ್‌ಗೆ ಒಂದು. ತನ್ನ ಸರದಿ ಯಾವಾಗ ಬಂದೀತೆಂದು ಕಿರಿಯರು ಕಾದಿರುತ್ತಿದ್ದರೆಂದರೆ ಆಶ್ಚರ್ಯವಿಲ್ಲ. ಅಜ್ಜಿಯ ಪ್ರೀತಿಯಲ್ಲಿ ಪಂಕ್ತಿಭೇದವಿಲ್ಲವೆಂಬುದಕ್ಕೆ ಅಚ್ಚಾದ ಸಾಕ್ಷಿ ಅದು.

ಗಾಯವನ್ನು ಮುಂದಕ್ಕೆ ಕೊಡಲಿಲ್ಲ

ಈ ಪುಸ್ತಕಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಸೋಫಿ ಎಂಬ ತುಂಟ ಹುಡುಗಿಯ ಕಷ್ಟಗಳ ಕಥೆ. ಮೇಣದ ಗೊಂಬೆಯನ್ನು ಬಿಸಿಲಿನಲ್ಲಿಟ್ಟು ಹಾಳುಮಾಡಿದವಳು, ತಾಯಿಯ ಪುಟ್ಟ ಮೀನುಗಳಿಗೆ ಉಪ್ಪು ಹಚ್ಚಿ ಕೊಂದವಳು, ಕುದುರೆಗಳಿಗಿಟ್ಟ ರೊಟ್ಟಿಯನ್ನು ತಿಂದವಳು ಆ ಸೋಫಿ. ಹೆಸರೂ ಅಜ್ಜಿಯದೇ, ಹಸಿವೂ ಅಜ್ಜಿಯದೇ. ಮೊಮ್ಮಗಳು ಎಲಿಜಬೆತ್‌ಗೆ ಮಾಡಿದ ಅರ್ಪಣೆಯಲ್ಲಿ, ಇಂದು ಒಳ್ಳೆಯವಳೆಂದು ಕಾಣುವ ಅಜ್ಜಿಯೂ ಒಮ್ಮೆ ಕೆಟ್ಟ ಹುಡುಗಿಯಾಗಿದ್ದು ತಿದ್ದಿಕೊಂಡವಳೆಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. ಮೊಮ್ಮಕ್ಕಳ ಮುಂದೆ ತನ್ನ ದೋಷವನ್ನು ಒಪ್ಪಿಕೊಳ್ಳುವ ಹಿರಿಯರು ಎಷ್ಟು ಮಂದಿ? ಪಾಪನಿವೇದನೆಯ ಅರ್ಥವನ್ನು ಮಗುವಿಗೆ ತಿಳಿಸಲು ಇದಕ್ಕಿಂತ ಸರಳವಾದ ಪಾಠವಿರಲಾರದು.

ಈ ಕಥೆಗಳಲ್ಲಿ ಮಕ್ಕಳಿಗೆ ಚಾಟಿಯೇಟು ಬೀಳುವ ಸಂದರ್ಭಗಳು ಹಲವು. ಇಂದಿನ ಓದುಗರಿಗೆ ಅವು ನೋವನ್ನುಂಟುಮಾಡುತ್ತವೆ. ಅಂದು ಪ್ರಕಾಶಕರೂ ಕೆಲವೆಡೆ ಹಿಂದೇಟು ಹಾಕಿದ್ದುಂಟು. ಆದರೆ ಗಮನವಿಟ್ಟು ಓದಿದರೆ ಒಂದು ವಿಷಯ ಕಾಣುತ್ತದೆ. ಕೈಯೆತ್ತಿ ಹೊಡೆಯುವವರು ಸಾಮಾನ್ಯವಾಗಿ ಕಥೆಯ ಕೆಟ್ಟ ಪಾತ್ರಗಳು. ಹೊಡೆತದಿಂದ ಮಗು ಸುಳ್ಳನ್ನೂ ಮೊಂಡುತನವನ್ನೂ ಕಲಿಯುತ್ತದೆ. ತಾಳ್ಮೆಯಿಂದ ತಿದ್ದುವ ತಾಯಿಯ ಮನೆಗೆ ಬಂದ ಮೇಲೆ ಅದೇ ಮಗು ಒಳ್ಳೆಯದಾಗುತ್ತದೆ. ವೊರೊನೊವೊ ಅರಮನೆಯಲ್ಲಿ ಚಳಿಯಿಂದ ನಡುಗಿದ ಮಗು ತನ್ನ ತಾಯಿಗೆ ಹೇಳಲಾರದೇ ಹೋದದ್ದನ್ನು ಅರ್ಧ ಶತಮಾನದ ತರುವಾಯ ಲೋಕದ ತಾಯಂದಿರಿಗೆಲ್ಲ ಹೇಳಿತು. ಅದೂ ದ್ವೇಷವಿಲ್ಲದೆ, ನಗುನಗುತ್ತ. ಪೆಟ್ಟು ತಿಂದವರು ಪೆಟ್ಟು ಕೊಡುವುದು ಲೋಕರೂಢಿ. ಆ ರೂಢಿಯನ್ನು ಮುರಿಯುವುದಕ್ಕೆ ದೇವರ ಕೃಪೆ ಬೇಕು.

ಅಜ್ಜಿಯ ಧರ್ಮೋಪದೇಶ

1863ರಲ್ಲಿ ಪತಿ ತೀರಿಕೊಂಡರು. ಅನಂತರದ ವರ್ಷಗಳಲ್ಲಿ ಸೋಫಿಯವರ ಭಕ್ತಿಜೀವನ ಇನ್ನಷ್ಟು ಆಳವಾಯಿತು. 1865ರಲ್ಲಿ ಅವರು ಅಜ್ಜಿ ಹೇಳುವ ಶುಭಸಂದೇಶವೆಂಬ ಗ್ರಂಥವನ್ನೂ, 1869ರಲ್ಲಿ ಅದೇ ರೀತಿಯಲ್ಲಿ ಹಳೆಯ ಒಡಂಬಡಿಕೆಯ ಕಥೆಗಳನ್ನೂ ಪ್ರಕಟಿಸಿದರು. ಅವುಗಳ ರಚನೆ ಬಹು ಸೊಗಸಾದದ್ದು. ಅಜ್ಜಿ ಪ್ರಭು ಯೇಸುವಿನ ಜೀವನವನ್ನು ಹೇಳುತ್ತ ಹೋಗುತ್ತಾರೆ. ಮೊಮ್ಮಕ್ಕಳು ನಡುವೆ ಬಾಯಿಹಾಕಿ ಪ್ರಶ್ನೆ ಕೇಳುತ್ತಾರೆ. ಅಜ್ಜಿ ಗದರದೆ ಉತ್ತರಿಸುತ್ತಾರೆ. ಸೆಮಿನರಿಯಲ್ಲಿ ಓದಿದ ನಮ್ಮಂಥವರು ಮಕ್ಕಳ ಪ್ರಶ್ನೆಗಳಿಗೆ ಎಷ್ಟೋ ಬಾರಿ ತಾಳ್ಮೆಗೆಡುತ್ತೇವೆ. ಮಗುವಿನ ಪ್ರಶ್ನೆಯಲ್ಲಿ ಅವಿಶ್ವಾಸವಿಲ್ಲ, ಹಸಿವಿದೆ ಎಂಬುದನ್ನು ಹಸಿವನ್ನು ಬಲ್ಲ ಅಜ್ಜಿ ಅರಿತಿದ್ದರು.

1866ರಲ್ಲಿ ಅವರು ಸಂತ ಫ್ರಾನ್ಸಿಸರ ಮೂರನೆಯ ಸಭೆಯನ್ನು ಸೇರಿ ಸಿಸ್ಟರ್ ಮರಿ ಫ್ರಾನ್ಸ್ವಾಸ್ ಎಂಬ ಹೆಸರನ್ನು ಪಡೆದರು. ಪುಸ್ತಕಗಳಿಂದ ಬಂದ ಹಣದಲ್ಲಿ ಬಡವರಿಗೂ ಪಾಲು ಸಲ್ಲುತ್ತಿತ್ತು. ವಿವಾಹಿತ ಸ್ತ್ರೀಗೆ ಪತಿಯ ಅನುಮತಿಯಿಲ್ಲದೆ ಕರಾರು ಮಾಡಿಕೊಳ್ಳಲು ಕಾನೂನು ಅವಕಾಶ ಕೊಡದಿದ್ದ ಆ ಕಾಲದಲ್ಲಿ, ತಮ್ಮ ದುಡಿಮೆಯ ಹಣವನ್ನು ತಮ್ಮ ಮನಸ್ಸಿನಂತೆ ದಾನಮಾಡುವುದು ಅವರಿಗೆ ದೊಡ್ಡ ಸಮಾಧಾನವಾಗಿತ್ತು.

ಶಿಲುಬೆ ಮಾತ್ರ ತಪ್ಪಲಿಲ್ಲ. ಅವಳಿಗಳಲ್ಲೊಬ್ಬಳಾದ ಸಬೀನ್, ಸಂತ ಫ್ರಾನ್ಸಿಸ್ ದ ಸಾಲ್ಸ್ ಮತ್ತು ಸಂತ ಜಾನ್ ದ ಶಾಂತಾಲ್ ಸ್ಥಾಪಿಸಿದ ವಿಸಿಟೇಷನ್ ಕನ್ಯಾಮಠವನ್ನು ಸೇರಿದ್ದಳು. ಆಕೆ 1868ರಲ್ಲಿ ಕ್ಷಯರೋಗದಿಂದ ತೀರಿಕೊಂಡಳು. ಮಗಳನ್ನು ದೇವರಿಗೆ ಒಮ್ಮೆ ಕೊಟ್ಟಿದ್ದ ತಾಯಿ ಎರಡನೆಯ ಬಾರಿ ಕೊಡಬೇಕಾಯಿತು. ಮರುವರ್ಷ ಅವರ ಸ್ವಂತ ಆರೋಗ್ಯವೂ ಕುಸಿಯಿತು. 1870ರ ಯುದ್ಧದಿಂದ ದೇಶ ಕಂಗೆಟ್ಟಿತು, ಪುಸ್ತಕಗಳ ಆದಾಯವೂ ಇಳಿಯಿತು. 1872ರಲ್ಲಿ ನೂಯೆತ್ ಭವನವನ್ನು ಮಾರಬೇಕಾಯಿತು. ಮಕ್ಕಳ ತೊಟ್ಟಿಲು ತೂಗಿದ, ಮೊಮ್ಮಕ್ಕಳ ಹೆಜ್ಜೆಯ ಸದ್ದನ್ನು ಕೇಳಿದ, ಮಗನ ಕಣ್ಣಬೆಳಕು ಆರಿದ ಮನೆಯ ಬೀಗದ ಕೈಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಬರುವುದು ಎಂತಹ ಸಂಕಟವೆಂದು ಮನೆ ಕಳೆದುಕೊಂಡವರೇ ಬಲ್ಲರು. ಅದೂ ಅವರ ಬಾಳಿನಲ್ಲಿ ಎರಡನೆಯ ಬಾರಿ.

ಸಂತ ಅನ್ನಮ್ಮನವರ ನೆರಳಿನಲ್ಲಿ

ಕೊನೆಯ ದಿನಗಳನ್ನು ಅವರು ಪ್ಯಾರಿಸಿನ ಒಂದು ಸಣ್ಣ ಮನೆಯಲ್ಲಿ ಕಳೆದರು. 1874ನೇ ಇಸವಿ ಫೆಬ್ರವರಿ 9ರಂದು, ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಪ್ರಭುವಿನಲ್ಲಿ ನಿದ್ರೆಹೋದರು. ತಾಯಿಯ ಮುಖವನ್ನು ಕಣ್ಣಾರೆ ಕಾಣಲಾಗದಿದ್ದ ಗಸ್ತೋನರೇ ಆಕೆಯ ಜೀವನವನ್ನೂ ಪವಿತ್ರ ಮರಣವನ್ನೂ ಕುರಿತು ಒಂದು ಪುಸ್ತಕವನ್ನು ಬರೆಸಿ ಪ್ರಕಟಿಸಿದರು. ಪ್ರಥಮ ಅಂತರರಾಷ್ಟ್ರೀಯ ಪರಮಪ್ರಸಾದ ಮಹಾಸಮ್ಮೇಳನಕ್ಕಾಗಿ ಬಹುವಾಗಿ ಶ್ರಮಿಸಿದ ಅವರು, 1881ರ ಜೂನ್ ತಿಂಗಳಲ್ಲಿ ಲೀಲ್ ನಗರದಲ್ಲಿ ಅದು ನಡೆಯುವುದಕ್ಕೆ ಕೆಲವೇ ದಿನಗಳ ಮುಂಚೆ ತಾಯಿಯನ್ನು ಹಿಂಬಾಲಿಸಿದರು.

ಸೋಫಿಯವರನ್ನು ಸಮಾಧಿಮಾಡಿದ್ದು ಬ್ರಿಟನಿ ಪ್ರಾಂತದ ಪ್ಲ್ಯೂನರೆ ಎಂಬ ಹಳ್ಳಿಯ ಸ್ಮಶಾನದಲ್ಲಿ. ಮಗಳು ಆನ್ರಿಯೆತ್ ಅವರ ಮನೆ ಅಲ್ಲಿಗೆ ಸಮೀಪವಾಗಿತ್ತು. ಸಮಾಧಿಯ ಶಿಲುಬೆಯ ಮೇಲೆ ಬಿರುದು ಬಾವಲಿಗಳಿಲ್ಲ, ಪುಸ್ತಕಗಳ ಪಟ್ಟಿಯಿಲ್ಲ. ದೇವರು ಮತ್ತು ತನ್ನ ಮಕ್ಕಳು, ಇಷ್ಟೇ ಆಕೆಯ ಸರ್ವಸ್ವವೆಂದು ಸಾರುವ ಕೆಲವು ಪದಗಳು ಮಾತ್ರ.

ಈ ಪ್ಲ್ಯೂನರೆಯ ನೆಲದಲ್ಲಿ ಇನ್ನೊಂದು ವಿಶೇಷವಿದೆ. ಫ್ರಾನ್ಸಿನ ಪ್ರಸಿದ್ಧ ಪುಣ್ಯಕ್ಷೇತ್ರವಾದ ಸೇಂತ್ ಆನ್ ದೋರೆ ಹಿಂದೆ ಇದೇ ಹಳ್ಳಿಯ ಎಲ್ಲೆಗೆ ಸೇರಿತ್ತು. 1624ರಲ್ಲಿ ಇವ್ ನಿಕೊಲಾಜಿಕ್ ಎಂಬ ರೈತನಿಗೆ ಸಂತ ಅನ್ನಮ್ಮನವರು ದರ್ಶನವಿತ್ತ ಸ್ಥಳವದು. 1996ರಲ್ಲಿ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಯಾತ್ರಿಕರಾಗಿ ಅಲ್ಲಿಗೆ ಬಂದಿದ್ದರು. ಸಂತ ಅನ್ನಮ್ಮನವರು ಯಾರು? ದೇವಮಾತೆಯ ತಾಯಿ, ನಮ್ಮ ಪ್ರಭುವಿಗೆ ಅಜ್ಜಿ. ಮೊಮ್ಮಕ್ಕಳಿಗಾಗಿ ಬದುಕಿದ ಈ ಅಜ್ಜಿ, ಲೋಕರಕ್ಷಕನ ಅಜ್ಜಿಯ ನೆರಳಿನಲ್ಲಿ ಮಲಗಿರುವುದು ಎಷ್ಟು ಯೋಗ್ಯ! 2021ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬಕ್ಕೆ ಸಮೀಪದ ಭಾನುವಾರವನ್ನು, ಅಂದರೆ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು, ಅಜ್ಜ ಅಜ್ಜಿಯರ ಮತ್ತು ವೃದ್ಧರ ವಿಶ್ವದಿನವೆಂದು ಸ್ಥಾಪಿಸಿದರು. ಧರ್ಮಸಭೆ ತನ್ನ ಮೊದಲ ಉಪದೇಶಿಗಳಿಗೆ ಸಲ್ಲಿಸಿದ ಗೌರವವಿದು.

ಪ್ರಿಯ ಧರ್ಮಕೇಂದ್ರದ ಬಂಧುಗಳೇ, ನಮ್ಮ ಮನೆಗಳಲ್ಲಿ ಮುಪ್ಪಿನಿಂದ ಮೂಲೆ ಸೇರಿದೆವೆಂದು ನಿಟ್ಟುಸಿರುಬಿಡುವ ಹಿರಿಯರಿದ್ದಾರೆ. ತಮ್ಮಿಂದ ಇನ್ನು ಏನೂ ಆಗದೆಂದು ಭಾವಿಸಿರುವ ಅಂತಹ ತಾಯಂದಿರಿಗೆ ಐವತ್ತೇಳರಲ್ಲಿ ಆರಂಭವಾದ ಈ ಜೀವನದ ಕಥೆಯನ್ನು ಓದಿ ಹೇಳಿರಿ. ಕಹಿಯಾದ ಬಾಲ್ಯದ ನೆನಪನ್ನು ಎದೆಯಲ್ಲಿ ಹೊತ್ತು, ಅದೇ ಕಹಿಯನ್ನು ತಮಗರಿವಿಲ್ಲದೆ ಮಕ್ಕಳಿಗೆ ಬಡಿಸುತ್ತಿರುವ ತಾಯಿತಂದೆಯರೂ ಇದ್ದಾರೆ. ಅವರೂ ಇದನ್ನು ಓದಲಿ. ಗಾಯವನ್ನು ಮುಂದಿನ ತಲೆಮಾರಿಗೆ ದಾಟಿಸಲೇಬೇಕೆಂಬ ನಿಯಮವಿಲ್ಲ. ಅದನ್ನು ಪ್ರಭುವಿನ ಪಾದದ ಬಳಿ ಇಟ್ಟು, ಬರಿಗೈಯಲ್ಲಿ ಮಗುವನ್ನು ಎತ್ತಿಕೊಳ್ಳಬಹುದು.

ನಮ್ಮ ದೇವಾಲಯದ ನೂರು ವರ್ಷಗಳ ಬಲಿಪೂಜೆಗಳಲ್ಲಿ ಹಿಂದಿನ ಸಾಲಿನ ಬೆಂಚುಗಳ ಮೇಲೆ ತಲೆಗೆ ಸೆರಗು ಹೊದ್ದು, ಕೈಯಲ್ಲಿ ಜಪಸರ ಹಿಡಿದು, ಪಕ್ಕದಲ್ಲಿ ನಿದ್ದೆಗಣ್ಣಿನ ಮೊಮ್ಮಗುವನ್ನು ಕೂರಿಸಿಕೊಂಡಿದ್ದ ಅಜ್ಜಿಯಂದಿರೆಲ್ಲರ ಆತ್ಮಗಳಿಗೆ ಪ್ರಭು ನಿತ್ಯ ವಿಶ್ರಾಂತಿಯನ್ನು ದಯಪಾಲ���ಸಲಿ. ಇಂದು ಆ ಬೆಂಚುಗಳಲ್ಲಿ ಕುಳಿತಿರುವವರಿಗೆ ದೀರ್ಘಾಯುಷ್ಯವನ್ನೂ, ಹೇಳಲು ಕಥೆಗಳನ್ನೂ, ಕೇಳಲು ಮೊಮ್ಮಕ್ಕಳನ್ನೂ ಅನುಗ್ರಹಿಸಲಿ.